ವಿದ್ಯಾರ್ಥಿಯೇ ಮೇಷ್ಟ್ರು: ನಾಲ್ಕು ತಾಲ್ಲೂಕುಗಳ ಮನೆಪಾಠದ ಲೆಕ್ಕ

ಮಂಡ್ಯ: ಸಂಜೆ ಐದೂವರೆಯ ಬಸ್ಸಿನಿಂದ ಇಳಿದ ಪದವಿ ವಿದ್ಯಾರ್ಥಿನಿ ಮನೆ ಸೇರಿ, ಮುಖ ತೊಳೆದು, ಕಾಫಿ ಕುಡಿಯುವಷ್ಟರಲ್ಲಿ ಹಜಾರದಲ್ಲಿ ಚಾಪೆ ಹಾಸಿರುತ್ತದೆ. ಬೀದಿಯ ಹತ್ತು ಹನ್ನೆರಡು ಮಕ್ಕಳು ಪುಸ್ತಕದ ಚೀಲ ಹಿಡಿದು ಬಂದು ಕುಳಿತಿರುತ್ತಾರೆ. ಬೆಳಗ್ಗೆ ಕಾಲೇಜಿನಲ್ಲಿ ಹಾಜರಿ ಹೇಳಿದವಳು ಸಂಜೆ ಆರರಿಂದ ಎಂಟರವರೆಗೆ ತಾನೇ ಹಾಜರಿ ಕರೆಯುವ ‘ಮಿಸ್’ ಆಗುತ್ತಾಳೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ಇದು ಅಪರೂಪದ ದೃಶ್ಯವೇನಲ್ಲ. ನಾಮಫಲಕವಿಲ್ಲ, ರಸೀದಿ ಪುಸ್ತಕವಿಲ್ಲ, ನೋಂದಣಿಯಂತೂ ಇಲ್ಲವೇ ಇಲ್ಲ. ಆದರೂ ಬಂಡವಾಳ, ಗಿರಾಕಿ, ಪೈಪೋಟಿ, ಬಾಕಿ ವಸೂಲಿ ಎಲ್ಲವನ್ನೂ ಒಳಗೊಂಡ ಒಂದು ಪುಟ್ಟ ಉದ್ಯಮ ಇದು. ಕಾಲೇಜು ಶುಲ್ಕ, ಪರೀಕ್ಷಾ ಶುಲ್ಕ, ಬಸ್ ಪಾಸ್, ಮೊಬೈಲ್ ಕರೆನ್ಸಿಗಳ ಖರ್ಚನ್ನು ಮನೆಯವರ ಮೇಲೆ ಹೊರಿಸದೆ ತೂಗಿಸುವ ದಾರಿಯಾಗಿ ಅದು ಬೆಳೆದಿದೆ. ಈ ಉದ್ಯಮ ನಿಜವಾಗಿ ಲಾಭದಾಯಕವೇ, ಕಾನೂನಿನ ಕಣ್ಣಿನಲ್ಲಿ ಅದರ ಸ್ಥಾನವೇನು, ಚಾಪೆಯ ಮೇಲೆ ಕುಳಿತ ಮಕ್ಕಳಿಗೆ ಅದರಿಂದ ಸಿಗುವುದೇನು ಎಂಬ ಪ್ರಶ್ನೆಗಳು ಮಾತ್ರ ಚರ್ಚೆಗೆ ಬಂದದ್ದು ಕಡಿಮೆ.

ಕೂಲಿಮಠದಿಂದ ಟ್ಯೂಷನ್‌ವರೆಗೆ

ಪಾಠ ಹೇಳಿ ಅನ್ನ ಸಂಪಾದಿಸುವುದು ಹಳೆಯ ಮೈಸೂರು ಸೀಮೆಗೆ ಹೊಸದಲ್ಲ. ಸರ್ಕಾರಿ ಶಾಲೆಗಳು ಹಳ್ಳಿಗೆ ಕಾಲಿಡುವ ಮೊದಲು ಊರಿನವರು ಕೊಡುವ ದವಸಧಾನ್ಯ, ಪುಡಿಗಾಸುಗಳ ಮೇಲೆ ಕೂಲಿಮಠದ ಐಗಳ ಜೀವನ ನಡೆಯುತ್ತಿತ್ತು. ಊರಿನಿಂದ ಮೈಸೂರಿಗೆ ಓದಲು ಹೋದ ಬಡ ಹುಡುಗರು ವಾರಾನ್ನದ ಮನೆಗಳಲ್ಲಿ ಉಂಡು, ಆ ಮನೆಯ ಚಿಕ್ಕ ಮಕ್ಕಳಿಗೆ ಅಕ್ಷರ, ಮಗ್ಗಿ ಹೇಳಿಕೊಟ್ಟದ್ದೂ ಉಂಟು. ಮನೆಪಾಠವೆಂಬುದು ಆ ಪರಂಪರೆಯ ಮುಂದುವರಿಕೆಯೇ.

ಇಂದಿನ ಬೇಡಿಕೆಗೆ ಬೇರೆ ಕಾರಣಗಳಿವೆ. ರಾಜ್ಯ ಸರ್ಕಾರ 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ಆರಂಭಿಸಿತು. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ಹಳದಿ ವ್ಯಾನ್‌ಗಳು ಅದಕ್ಕೂ ಮೊದಲೇ ಹಳ್ಳಿಹಳ್ಳಿಗೆ ಬರತೊಡಗಿದ್ದವು. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯೋ ಎಸ್ಸೆಸ್ಸೆಲ್ಸಿಯೋ ಓದಿ ನಿಲ್ಲಿಸಿದ ತಂದೆ ತಾಯಂದಿರಿಗೆ ಮಗುವಿನ ಇಂಗ್ಲಿಷ್ ಹೋಂವರ್ಕ್ ಮಾಡಿಸುವುದು ಕಷ್ಟವಾಯಿತು. ಆ ಕೊರತೆ ತುಂಬಲು ಬೀದಿಯಲ್ಲಿಯೇ ಇದ್ದ ಬಿ.ಎಸ್ಸಿ., ಬಿ.ಕಾಂ. ವಿದ್ಯಾರ್ಥಿ ಸಹಜ ಆಯ್ಕೆಯಾದ.

ಎರಡನೆಯ ಕಾರಣ ಕೋವಿಡ್. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸರ್ಕಾರ ‘ವಿದ್ಯಾಗಮ’ ಯೋಜನೆಯ ಮೂಲಕ ಪಾಠವನ್ನು ಅರಳಿಕಟ್ಟೆ, ದೇವಸ್ಥಾನದ ಜಗುಲಿಗಳಿಗೆ ಒಯ್ಯಿತು. ಶಿಕ್ಷಕರಿಗೆ ಸೋಂಕು ತಗುಲಿದ ಹಿನ್ನೆಲೆಯಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡಿತು. ಕಾಲೇಜು ಮುಚ್ಚಿ ಊರಿಗೆ ಮರಳಿದ್ದ ಯುವಕ ಯುವತಿಯರೇ ಆಗ ಅನೇಕ ಊರುಗಳಲ್ಲಿ ಮಕ್ಕಳ ಪಾಲಿನ ಶಾಲೆಯಾದರು. ಗ್ರಾಮೀಣ ಭಾರತದಲ್ಲಿ ಹಣ ಕೊಟ್ಟು ಟ್ಯೂಷನ್‌ಗೆ ಹೋಗುವ 1ರಿಂದ 8ನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಶೇ 26.4ರಷ್ಟಿದ್ದದ್ದು 2022ರಲ್ಲಿ ಶೇ 30.5ಕ್ಕೆ ಏರಿತೆಂದು ‘ಅಸರ್’ ವರದಿ ದಾಖಲಿಸಿದೆ. ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಈ ಪ್ರಮಾಣ ಶೇ 70ನ್ನೂ ಮೀರಿತ್ತು. 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಕೇಂದ್ರದ ಸಮಗ್ರ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಶೇ 27ರಷ್ಟು ವಿದ್ಯಾರ್ಥಿಗಳು ಖಾಸಗಿ ಕೋಚಿಂಗ್ ಪಡೆಯುತ್ತಿದ್ದರು. ನಗರದಲ್ಲಿ ಈ ಪ್ರಮಾಣ ಶೇ 30.7, ಗ್ರಾಮೀಣ ಭಾಗದಲ್ಲಿ ಶೇ 25.5. ಹಳ್ಳಿಗೂ ಪಟ್ಟಣಕ್ಕೂ ನಡುವೆ ಇರುವ ಅಂತರ ಐದು ಅಂಶಗಳಷ್ಟೇ ಎಂಬುದು ಗಮನಾರ್ಹ.

ಮೂರನೆಯದು ಪರೀಕ್ಷೆಯ ಭಯ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89ರಷ್ಟಿತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಹೆಚ್ಚುವರಿ ಕೃಪಾಂಕ ನೀಡಿದ ಮೇಲೂ ಅದು ಶೇ 73.40ಕ್ಕೆ ಕುಸಿಯಿತು. 2023ರಲ್ಲಿ ರಾಜ್ಯಕ್ಕೆ ಎರಡನೆಯ ಸ್ಥಾನ ಪಡೆದು ಬೀಗಿದ್ದ ಮಂಡ್ಯ ಜಿಲ್ಲೆಯ ಪೋಷಕರನ್ನೂ ಈ ಕುಸಿತ ಕಂಗೆಡಿಸಿತು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದ ಮೇಲೆ ಮಾರ್ಚ್‌ಗೆ ಮುಗಿಯುತ್ತಿದ್ದ ಟ್ಯೂಷನ್ ಹಂಗಾಮು ಬೇಸಿಗೆಗೂ ಚಾಚಿಕೊಂಡಿತು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ದುಡ್ಡು

ಒಂದೇ ಜಿಲ್ಲೆಗೆ ಸೇರಿದ್ದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಪಾಠದ ಆರ್ಥಿಕತೆ ಒಂದೇ ತೆರನಾಗಿಲ್ಲ. ಅದನ್ನು ನಿರ್ಧರಿಸುವುದು ಪೋಷಕರ ಕೈಗೆ ಹಣ ಯಾವಾಗ ಬರುತ್ತದೆ ಎಂಬ ಸಂಗತಿ.

ಶ್ರೀರಂಗಪಟ್ಟಣ ಮೈಸೂರಿಗೆ ಅಂಟಿಕೊಂಡಂತಿದೆ. ಮೈಸೂರಿನ ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ ನಿತ್ಯ ಬಸ್ಸು, ರೈಲಿನಲ್ಲಿ ಓಡಾಡುವ ಸಂಬಳದಾರರು ಇಲ್ಲಿ ಹೆಚ್ಚು. ತಿಂಗಳ ಮೊದಲ ವಾರದಲ್ಲಿ ಫೀಸು ಕೈಸೇರುವ ಸಾಧ್ಯತೆಯೂ ಅಷ್ಟೇ ಹೆಚ್ಚು. ಆದರೆ ಪೈಪೋಟಿಯೂ ತೀವ್ರ. ಹೈಸ್ಕೂಲು ದಾಟಿದ ಮಗುವನ್ನು ಪೋಷಕರು ಮೈಸೂರಿನ ದೊಡ್ಡ ಕೋಚಿಂಗ್ ಕೇಂದ್ರಗಳಿಗೆ ಕಳುಹಿಸುತ್ತಾರೆ. ಆದ್ದರಿಂದ ಊರಿನ ವಿದ್ಯಾರ್ಥಿ ಮೇಷ್ಟ್ರಿಗೆ ಉಳಿಯುವುದು ಚಿಕ್ಕ ತರಗತಿಗಳೇ.

ಪಾಂಡವಪುರ ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿದ ಕಬ್ಬು, ಭತ್ತದ ಸೀಮೆ. ಇಲ್ಲಿಯ ದುಡ್ಡು ತಿಂಗಳಿಗೊಮ್ಮೆ ಬರುವಂಥದ್ದಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ ಬಾಕಿಯ ಕತೆ ಜಿಲ್ಲೆಯ ರೈತರಿಗೆ ಚಿರಪರಿಚಿತ. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದ ಇತಿಹಾಸ ಕಣ್ಣ ಮುಂದಿದೆ. ‘ಕಬ್ಬಿನ ದುಡ್ಡು ಬಂದ ತಕ್ಷಣ ಕೊಡ್ತೀವಿ ಕಣವ್ವ’ ಎಂಬ ಮಾತಿಗೆ ಹುಡುಗಿ ತಲೆಯಾಡಿಸಲೇಬೇಕು. ಕಾನೂನಿನ ಬೆಂಬಲವಿರುವ ಬಾಕಿಯೇ ತಡವಾಗುವಲ್ಲಿ ಬರೀ ಬಾಯಿಮಾತಿನ ಫೀಸು ಯಾವ ಲೆಕ್ಕ?

ಕೆ.ಆರ್. ಪೇಟೆ ಹೇಮಾವತಿ ನಾಲೆಯ ತಾಲ್ಲೂಕು. ಕಿಕ್ಕೇರಿ, ಬೂಕನಕೆರೆ, ಅಕ್ಕಿಹೆಬ್ಬಾಳು, ಸಂತೇಬಾಚಹಳ್ಳಿಯ ಕಡೆ ಹಳ್ಳಿಗಳು ದೂರದೂರಕ್ಕೆ ಹರಡಿಕೊಂಡಿವೆ. ಈ ತಾಲ್ಲೂಕಿನ ಜನ ದುಡಿಮೆಗಾಗಿ ಮುಂಬೈಗೆ ವಲಸೆ ಹೋದದ್ದು ಎಷ್ಟೆಂಬುದು 2020ರ ಮೇ ತಿಂಗಳಲ್ಲಿ, ಅಲ್ಲಿಂದ ಮರಳಿದವರಿಂದ ಜಿಲ್ಲೆಯ ಕೋವಿಡ್ ಪ್ರಕರಣಗಳು ಏರಿದಾಗ ರಾಜ್ಯಕ್ಕೆಲ್ಲ ತಿಳಿಯಿತು. ತಂದೆ ತಾಯಿ ಮುಂಬೈಯಲ್ಲಿ, ಮಕ್ಕಳು ಅಜ್ಜ ಅಜ್ಜಿಯ ಬಳಿ ಇರುವ ಮನೆಗಳಲ್ಲಿ ಟ್ಯೂಷನ್ ಎಂದರೆ ಪಾಠವಷ್ಟೇ ಅಲ್ಲ, ಸಂಜೆಯ ಎರಡು ಗಂಟೆ ಮಗುವಿನ ಮೇಲೆ ಒಬ್ಬರ ಕಣ್ಣಿರುವ ವ್ಯವಸ್ಥೆ. ಇಂಥ ಮನೆಗಳ ಫೀಸು ದೂರದೂರಿನಿಂದ ಮೊಬೈಲ್ ಮೂಲಕ ಬರುತ್ತದೆ. ಮಗು ಓದುತ್ತಿದೆಯೇ ಎಂದು ವಿಚಾರಿಸುವ ಕರೆಯೂ ಅದೇ ಮೊಬೈಲಿಗೆ.

ನಾಗಮಂಗಲ ಮಳೆಯಾಶ್ರಿತ ಬಯಲು. ರಾಗಿ, ತೆಂಗು, ಕೊಳವೆಬಾವಿ ಮತ್ತು ಹಸು ಇಲ್ಲಿನ ಬದುಕು. ಡೇರಿಯ ಬಟವಾಡೆಯೇ ಅನೇಕ ಮನೆಗಳಿಗೆ ಕೈಗೆ ಸಿಗುವ ನಿಯಮಿತ ನಗದು. ಅದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಗೆ ಬರುವುದರಿಂದ ಟ್ಯೂಷನ್ ಫೀಸಿನ ತೀರ್ಮಾನವೂ ಅವರದೇ. ಮೊತ್ತ ಚಿಕ್ಕದಾದರೂ ಬಾಕಿ ಬೆಳೆಯುವುದು ಕಡಿಮೆ. ಇನ್ನೊಂದೆಡೆ, ಇದೇ ತಾಲ್ಲೂಕಿನಲ್ಲಿ ಆದಿಚುಂಚನಗಿರಿ ಮಠದ ಶಿಕ್ಷಣ ಸಂಸ್ಥೆಗಳ ಸಮೂಹವಿದೆ. ಹೊರಊರುಗಳಿಂದ ಬಂದು ಓದುವ ವಿದ್ಯಾರ್ಥಿಗಳು ಬೆಳ್ಳೂರು ಕ್ರಾಸ್ ಸುತ್ತಮುತ್ತ ನೆಲೆಸುವುದರಿಂದ ಕಲಿಸಬಲ್ಲವರ ಕೊರತೆಯಿಲ್ಲ.

ಹೀಗಾಗಿ ಮನೆಪಾಠ ಆರಂಭಿಸುವ ವಿದ್ಯಾರ್ಥಿ ಮೊದಲು ತಿಳಿಯಬೇಕಾದದ್ದು ತನ್ನ ಊರಿಗೆ ದುಡ್ಡು ಬರುವ ದಿನವನ್ನು. ಸಂಬಳದ ಊರಿನಲ್ಲಿ ತಿಂಗಳ ಫೀಸು, ಕಬ್ಬಿನ ಊರಿನಲ್ಲಿ ಹಂಗಾಮಿನ ಫೀಸು, ಡೇರಿಯ ಊರಿನಲ್ಲಿ ಬಟವಾಡೆಗೊಮ್ಮೆ ಸಣ್ಣ ಕಂತು ಎಂದು ನಿಗದಿ ಮಾಡಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಗಂಟೆಗೆ 57 ರೂಪಾಯಿ

ಲಾಭವೆಷ್ಟು? ಒಂದು ಅಂದಾಜಿನ ಲೆಕ್ಕ ಹಾಕಿ ನೋಡಬಹುದು. ಹದಿನೈದು ಮಕ್ಕಳು, ತಲಾ 300 ರೂ. ಎಂದರೆ ತಿಂಗಳಿಗೆ 4,500 ರೂ. ಇವರಲ್ಲಿ ಇಬ್ಬರಾದರೂ ಕೊಡಲಾಗದ ಮನೆಯವರು ಅಥವಾ ಹತ್ತಿರದ ನೆಂಟರ ಮಕ್ಕಳು ಇದ್ದೇ ಇರುತ್ತಾರೆ. ಅಲ್ಲಿಗೆ ಉಳಿದದ್ದು 3,900 ರೂ. ಶಾಲೆಯ ಹತ್ತು ತಿಂಗಳಲ್ಲಿ ತನ್ನದೇ ಸೆಮಿಸ್ಟರ್ ಪರೀಕ್ಷೆಗಳಿಗಾಗಿ ಒಂದು ತಿಂಗಳು ಪಾಠ ನಿಲ್ಲಿಸಬೇಕು. ಒಂಬತ್ತು ತಿಂಗಳಿಗೆ 35,100 ರೂ. ಕಪ್ಪುಹಲಗೆ, ಸೀಮೆಸುಣ್ಣ, ಜೆರಾಕ್ಸ್, ಗೈಡುಗಳಿಗೆ 3,000 ರೂ. ಕಳೆದರೆ ಉಳಿಯುವುದು 32,100 ರೂ.

ತಿಂಗಳಿಗೆ 25 ದಿನ, ದಿನಕ್ಕೆ ಎರಡು ಗಂಟೆ ಪಾಠ, ಅರ್ಧ ಗಂಟೆ ತಯಾರಿ ಎಂದು ಹಿಡಿದರೆ ಒಟ್ಟು 562 ಗಂಟೆಯ ದುಡಿಮೆ. ಅಂದರೆ ಗಂಟೆಗೆ ಸುಮಾರು 57 ರೂ. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂ. ಎಂಟು ಗಂಟೆಯ ಲೆಕ್ಕದಲ್ಲಿ ಅದು ಗಂಟೆಗೆ 46 ರೂ. ಆಗುತ್ತದೆ. ವಿದ್ಯಾರ್ಥಿ ಮೇಷ್ಟ್ರ ಸಂಪಾದನೆ ಕೂಲಿಗಿಂತ ತುಸು ಮೇಲೆ, ಕಾಯಂ ಶಿಕ್ಷಕರ ಸಂಬಳಕ್ಕಿಂತ ಬಹಳ ಕೆಳಗೆ.

ಇದು ಶ್ರೀಮಂತಿಕೆಯ ದಾರಿಯಲ್ಲ. ಬೆಂಗಳೂರಿನಲ್ಲಿ ಗೆಳೆಯರಿಗೆ ಪ್ರವೇಶ ಪರೀಕ್ಷೆಯ ಪಾಠ ಹೇಳಿಕೊಡುವುದರಿಂದ ಆರಂಭಿಸಿದ ಬೈಜು ರವೀಂದ್ರನ್ ಅವರ ಕಂಪನಿಯ ಮೌಲ್ಯ 2022ರಲ್ಲಿ 22 ಶತಕೋಟಿ ಡಾಲರ್ ಎಂದು ಹೇಳಲಾಗುತ್ತಿತ್ತು. 2024ರ ಜುಲೈನಲ್ಲಿ ಅದೇ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ವೇಗವಾಗಿ ಬೆಳೆಸುವ ಹಂಬಲ ಪಾಠದ ವ್ಯವಹಾರವನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಹಜಾರದ ಮನೆಪಾಠದ ಬಲವಿರುವುದೇ ಅದರ ಸಣ್ಣತನದಲ್ಲಿ. ಬಾಡಿಗೆಯಿಲ್ಲ, ಸಾಲವಿಲ್ಲ, ಜಾಹೀರಾತಿಲ್ಲ. ನೆರೆಮನೆಯ ಮಗು ಮೊದಲ ಕಿರುಪರೀಕ್ಷೆಯಲ್ಲಿ ಪಡೆದ ಅಂಕವೇ ಅದರ ಜಾಹೀರಾತು.

ಅಪಾಯವಿರುವುದು ಮಕ್ಕಳ ಸಂಖ್ಯೆ ಹದಿನೈದರಿಂದ ನಲವತ್ತಕ್ಕೆ ಏರಿದಾಗ. ಪದವಿ ತರಗತಿಗಳಿಗೆ ಸಾಮಾನ್ಯವಾಗಿ ಶೇ 75ರಷ್ಟು ಹಾಜರಾತಿ ಬೇಕು. ಸಂಜೆಯ ಪಾಠಕ್ಕಾಗಿ ಮಧ್ಯಾಹ್ನದ ಪ್ರಯೋಗಾಲಯ ತಪ್ಪಿಸುವುದು, ಮಕ್ಕಳ ಪರೀಕ್ಷೆಯ ಒತ್ತಡದಲ್ಲಿ ತನ್ನ ಪರೀಕ್ಷೆ ಬಿಡುವುದು ಆರಂಭವಾದರೆ, ಶುಲ್ಕ ಕಟ್ಟಲೆಂದು ಹಿಡಿದ ಕೆಲಸವೇ ಪದವಿಯನ್ನು ನುಂಗುತ್ತದೆ.

ಕಾನೂನು ಏನನ್ನುತ್ತದೆ?

ಈ ಉದ್ಯಮ ವಿದ್ಯಾರ್ಥಿಗಳ ಪಾಲಾದದ್ದಕ್ಕೆ ಕಾನೂನಿನ ಪಾತ್ರವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸುತ್ತದೆ. ನಿಯಮ ಪಾಲಿಸುವ ಮೇಷ್ಟ್ರು ಹಿಂದೆ ಸರಿದ ಜಾಗಕ್ಕೆ ಅವರದೇ ಹಳೆಯ ವಿದ್ಯಾರ್ಥಿ ಬಂದು ಕುಳಿತ.

ಆದರೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿ ಬೇರೊಂದು ಚಿತ್ರ ನೀಡುತ್ತದೆ. ಅದರ ಪ್ರಕಾರ ಪದವಿಗಿಂತ ಕಡಿಮೆ ವಿದ್ಯಾರ್ಹತೆಯವರು ಬೋಧಕರಾಗುವಂತಿಲ್ಲ. 16 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ದಾಖಲಿಸಿಕೊಳ್ಳುವಂತಿಲ್ಲ. ಪ್ರತಿ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಬೇಕು. ಮೊದಲ ಉಲ್ಲಂಘನೆಗೆ 25,000 ರೂ., ಎರಡನೆಯದಕ್ಕೆ ಒಂದು ಲಕ್ಷ ರೂ. ದಂಡ. ಮೇಲ್ನೋಟಕ್ಕೆ ಇದು ವಿದ್ಯಾರ್ಥಿ ಮೇಷ್ಟ್ರ ಕತೆಯನ್ನೇ ಮುಗಿಸುವಂತೆ ಕಾಣುತ್ತದೆ. ಆದರೆ 50ಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳಿಗಷ್ಟೇ ಅದು ಅನ್ವಯಿಸುತ್ತದೆ. ಅಲ್ಲದೆ ರಾಜ್ಯಗಳು ತಮ್ಮದೇ ಕಾನೂನು ರೂಪಿಸಲೆಂದು ಕಳುಹಿಸಿದ ಮಾದರಿಯದು. ಬಿಹಾರ 2010ರಲ್ಲಿಯೇ ಇಂಥ ಕಾನೂನು ಮಾಡಿತು. ರಾಜಸ್ಥಾನ ವಿಧಾನಸಭೆ 2025ರಲ್ಲಿ ಅಂಥದೊಂದು ಮಸೂದೆಗೆ ಒಪ್ಪಿಗೆ ನೀಡಿತು. ಕರ್ನಾಟಕದಲ್ಲಿ 1983ರ ಶಿಕ್ಷಣ ಕಾಯ್ದೆ ಹಾಗೂ 2001ರ ನಿಯಮಗಳು ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಯ ಬಗ್ಗೆ ಹೇಳುತ್ತವೆ. ಇವೆಲ್ಲವೂ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವೇ ಹೊರತು ಚಾಪೆಯನ್ನಲ್ಲ.

ತೆರಿಗೆಯ ಭಯವೂ ಅನಗತ್ಯ. ಖಾಸಗಿ ಕೋಚಿಂಗ್‌ಗೆ ಶೇ 18ರ ಜಿಎಸ್‌ಟಿ ಇದ್ದರೂ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರಷ್ಟೇ ನೋಂದಣಿಯ ಪ್ರಶ್ನೆ. 2020ರ ಜುಲೈನಿಂದ ಇರುವ ಉದ್ಯಮ್ ನೋಂದಣಿ ಉಚಿತ. ಆದರೆ ಪಿಯುಸಿ ಓದುವ, ಇನ್ನೂ 18 ತುಂಬದ ಹುಡುಗ ಕರಾರು ಮಾಡಿಕೊಳ್ಳಲು ಅರ್ಹನಲ್ಲ ಎಂಬುದನ್ನು ಮರೆಯಬಾರದು. ಪದವಿ ಮುಗಿದ ಮೇಲೆ ಇನ್ನೊಂದು ಇಕ್ಕಟ್ಟು ಎದುರಾಗುತ್ತದೆ. 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ. ನೀಡುವ ಯೋಜನೆ. ಸ್ವಯಂ ಉದ್ಯೋಗಿಗಳಿಗೆ ಅದು ಸಲ್ಲುವುದಿಲ್ಲ. ಟ್ಯೂಷನ್ ನಡೆಸುತ್ತೇನೆಂದು ಬಹಿರಂಗವಾಗಿ ಹೇಳಿದವನು ಯುವನಿಧಿ ಕಳೆದುಕೊಳ್ಳಬೇಕು, ಮುಚ್ಚಿಟ್ಟವನು ಪಡೆಯಬಹುದು ಎಂಬಂತಾದರೆ ಯಾರು ತಾನೇ ನಾಮಫಲಕ ಹಾಕಿಯಾರು?

ಮಕ್ಕಳು ಮನೆ ಮುಟ್ಟುವ ತನಕ

ಲಾಭ, ಕಾನೂನುಗಳಿಗಿಂತ ದೊಡ್ಡ ವಿಷಯ ಮಕ್ಕಳ ಸುರಕ್ಷತೆ. ಎಂಟು ಗಂಟೆಗೆ ಪಾಠ ಬಿಟ್ಟರೆ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಮಕ್ಕಳು ಮನೆಗೆ ನಡೆಯಬೇಕು. ಚಿರತೆ ಹಾವಳಿ ಈ ಭಾಗಕ್ಕೆ ಹೊಸದಲ್ಲ. 2022ರ ನವೆಂಬರ್‌ನಲ್ಲಿ ಚಿರತೆ ಕಾಣಿಸಿಕೊಂಡ ಕಾರಣ ಕೆಆರ್‌ಎಸ್‌ನ ಬೃಂದಾವನವನ್ನೇ ಮುಚ್ಚಬೇಕಾಯಿತು. ನಾಲೆಗಳ ಅಪಾಯ ಇನ್ನೂ ಹಳೆಯದು. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಶಾಲಾ ಮಕ್ಕಳೂ ಸೇರಿದಂತೆ 30 ಮಂದಿ ಮೃತಪಟ್ಟ ನೋವು ಪಾಂಡವಪುರ ಸೀಮೆಯಲ್ಲಿ ಇನ್ನೂ ಆರಿಲ್ಲ. ಏಳು ಗಂಟೆಗೇ ಪಾಠ ಮುಗಿಸುವುದು, ಮಕ್ಕಳನ್ನು ಗುಂಪಾಗಿ ಕಳುಹಿಸುವುದು, ಸರದಿಯಂತೆ ಒಬ್ಬ ಪೋಷಕರು ಬಂದು ಕರೆದೊಯ್ಯುವುದು ಖರ್ಚಿಲ್ಲದ ಕ್ರಮಗಳು.

ಮನೆಯೊಳಗಿನ ಸುರಕ್ಷತೆಯೂ ಅಷ್ಟೇ ಮುಖ್ಯ. ಬಾಗಿಲು ತೆರೆದಿರಬೇಕು, ಪಾಠದ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರು ಇರಬೇಕು, ಒಂದೇ ಮಗುವನ್ನು ಒಂಟಿಯಾಗಿ ಉಳಿಸಿಕೊಳ್ಳಬಾರದು, ಹೊಡೆಯಬಾರದು. 2012ರ ಪೋಕ್ಸೊ ಕಾಯ್ದೆ ಶಾಲೆಗಷ್ಟೇ ಅಲ್ಲ, ಹಜಾರಕ್ಕೂ ಅನ್ವಯಿಸುತ್ತದೆ. ಈ ಕ್ರಮಗಳು ಮಗುವನ್ನು ಕಾಯುತ್ತವೆ, ಕಲಿಸುವ ವಿದ್ಯಾರ್ಥಿಯ ಹೆಸರನ್ನೂ ಕಾಯುತ್ತವೆ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿದ ವಿದ್ಯಾರ್ಥಿನಿಯರಿಗೆ ಪಕ್ಕದ ಊರಿಗೆ ಹೋಗಿ ಪಾಠ ಹೇಳುವುದೂ ಸುಲಭವಾಗಿದೆ. ಅವರು ಕತ್ತಲಾಗುವ ಮುನ್ನ ಮನೆ ಸೇರುವಂತೆ ವೇಳೆ ಹೊಂದಿಸುವುದು ಪೋಷಕರ ಹೊಣೆ.

ಕಲಿಕೆಯೋ, ಹೋಂವರ್ಕೋ?

ಎಲ್ಲ ಟ್ಯೂಷನ್‌ಗಳೂ ಕಲಿಕೆಯಲ್ಲ ಎಂಬುದನ್ನು ಒಪ್ಪಲೇಬೇಕು. ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇ 27.3ರಷ್ಟಿದ್ದರು. 2022ರಲ್ಲಿ ಶೇ 20.5ಕ್ಕೆ ಇಳಿದು, 2024ರಲ್ಲಿ ಶೇ 27.1ಕ್ಕೆ ಮರಳಿದರು ಎಂದು ‘ಅಸರ್’ ಹೇಳುತ್ತದೆ. ಅಂದರೆ ನಾಲ್ವರಲ್ಲಿ ಮೂವರಿಗೆ ಬೇಕಿರುವುದು ಓದುವ ಅಭ್ಯಾಸ. ಸಿಗುತ್ತಿರುವುದು ಹೋಂವರ್ಕ್ ಮುಗಿಸಿಕೊಡುವ ಸೇವೆ. ಪೋಷಕರಿಗೆ ತುಂಬಿದ ನೋಟ್‌ಬುಕ್ ಕಾಣುತ್ತದೆ, ಮಗುವಿಗೆ ಭಾಗಾಕಾರ ಬಾರದಿರುವುದು ಕಾಣುವುದಿಲ್ಲ. ದಿನದ ಎರಡು ಗಂಟೆಯಲ್ಲಿ ಅರ್ಧ ಗಂಟೆಯನ್ನಾದರೂ ಗಟ್ಟಿಯಾಗಿ ಓದಿಸಲು, ಬಾಯಿಲೆಕ್ಕ ಮಾಡಿಸಲು ಮೀಸಲಿಟ್ಟವರ ಟ್ಯೂಷನ್ ನಿಲ್ಲುತ್ತದೆ. ಉಳಿದವು ಒಂದು ವರ್ಷದ ಮಾತು.

300 ರೂ. ಕೊಡಲಾಗದ ಮನೆಯ ಮಗುವಿನ ಪ್ರಶ್ನೆ ಇನ್ನೂ ಕಠಿಣ. ತರಗತಿಯ ಅರ್ಧದಷ್ಟು ಮಕ್ಕಳು ಟ್ಯೂಷನ್‌ನಲ್ಲಿ ಕಲಿತು ಬರುತ್ತಾರೆಂದು ಶಾಲೆ ಭಾವಿಸಿಬಿಟ್ಟರೆ, ಉಳಿದರ್ಧಕ್ಕೆ ಪಾಠವೇ ಇಲ್ಲದಂತಾಗುತ್ತದೆ. ಮನೆಪಾಠ ಸರ್ಕಾರಿ ಶಾಲೆಗೆ ಊರುಗೋಲಾಗಬೇಕೇ ಹೊರತು ಬದಲಿಯಾಗಬಾರದು.

ಮುಂದೇನು?

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಹೊಸ ರೂಪ ಪಡೆದಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಅಲ್ಲಿಗೆ ಸೆಳೆಯುವ ಪ್ರಯತ್ನವೂ ನಡೆಯಿತು. ಸಂಜೆ ಒಂದು ಗಂಟೆ ಆ ಕೊಠಡಿಯನ್ನು ಊರಿನ ವಿದ್ಯಾರ್ಥಿ ಮೇಷ್ಟ್ರಿಗೆ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಬಡ ಮಕ್ಕಳಿಗೆ ಉಚಿತವಾಗಿ ಕಲಿಸಬೇಕೆಂಬ ಷರತ್ತು ಹಾಕಬಹುದು. ಹೆಸರು, ವಿಳಾಸ, ಮಕ್ಕಳ ಸಂಖ್ಯೆ, ಫೀಸು, ವೇಳೆ ಎಂಬ ಐದು ವಿವರಗಳ ಒಂದು ಹಾಳೆಯನ್ನು ಪಂಚಾಯಿತಿಗೆ ಕೊಟ್ಟರೆ ಸಾಕೆಂಬ ವ್ಯವಸ್ಥೆ ಬಂದರೆ, ದಂಡದ ಭಯವಿಲ್ಲದೆ ಹೊಣೆಗಾರಿಕೆ ಬರುತ್ತದೆ. ಪದವಿ ಕಾಲೇಜುಗಳು ಈ ಅನುಭವಕ್ಕೆ ಒಂದು ಪ್ರಮಾಣಪತ್ರ ನೀಡಿದರೆ ಮುಂದೆ ಬಿ.ಇಡಿ. ಸೇರುವವರಿಗೆ ಅದು ಗೌರವ.

ಕೊನೆಗೊಂದು ಮಾತು. ವಿದ್ಯಾರ್ಥಿ ಮೇಷ್ಟ್ರ ವೃತ್ತಿಯ ಆಯುಷ್ಯ ಮೂರು ವರ್ಷ. ಪದವಿ ಮುಗಿದ ಮೇಲೆ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ, ಹುಡುಗಿಗೆ ಮದುವೆ ಗೊತ್ತಾಗುತ್ತದೆ ಅಥವಾ ಮೈಸೂರಿನಲ್ಲಿ ಕೆಲಸ ಸಿಗುತ್ತದೆ. ‘ಮುಂದಿನ ವರ್ಷ ಯಾರು ಹೇಳ್ಕೊಡ್ತಾರೆ ಅಕ್ಕಾ?’ ಎಂಬ ಮಗುವಿನ ಪ್ರಶ್ನೆಗೆ ಉತ್ತರವಿರಬೇಕಾದರೆ, ಕೊನೆಯ ವರ್ಷದಲ್ಲಿಯೇ ಊರಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ, ಹಾಜರಿ ಪುಸ್ತಕವನ್ನೂ ಬಾಕಿಯ ಪಟ್ಟಿಯನ್ನೂ ಒಪ್ಪಿಸಿ ಹೋಗಬೇಕು. ಹಾಗೆ ಒಪ್ಪಿಸಿ ಹೋದ ಊರಿನಲ್ಲಿ ಜೂನ್ ತಿಂಗಳಿಗೆ ಚಾಪೆ ಮತ್ತೆ ಹಾಸುತ್ತದೆ. ಉಳಿದ ಊರುಗಳಲ್ಲಿ ಮಕ್ಕಳು ಮತ್ತೊಬ್ಬ ಮೇಷ್ಟ್ರನ್ನು ಹುಡುಕಿಕೊಳ್ಳಬೇಕಾಗುತ್ತದೆ.